ತೆರಿಗೆ ದುಡ್ಡಿನ ಕೋಡ್ ಯಾರ ಸ್ವತ್ತು?

ಮಾನ್ಯರೇ,

ಪ್ರಾಧ್ಯಾಪಕರೊಬ್ಬರ ತಂಡ ತಯಾರಿಸಿದ, ಮಳೆ ಲೆಕ್ಕ ಹಾಕುವ ತಂತ್ರಾಂಶದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಭಾನುವಾರ ಬಂದ ವರದಿ ಓದಿ ಮೈ ಉರಿಯಿತು. ‘ಎಲ್ಲ ಸಂಶೋಧಕರಿಗೂ ಮುಕ್ತ’ ಎಂದು ಆ ಪ್ರಾಧ್ಯಾಪಕರು ಹೇಳಿದ್ದಾರಲ್ಲ, ಯಾರಿಗೆ ಕೊಟ್ಟಿದ್ದಾರೆ? ಅವರ ಪ್ರಬಂಧದ ಕೊನೆಗೂ ‘ಕೋರಿದರೆ ಕೋಡ್ ಕೊಡಲಾಗುವುದು’ ಎಂದು ಅಚ್ಚಾಗಿದೆ; ಕೋಡ್ ಅಂದರೆ ತಂತ್ರಾಂಶದ ಮೂಲ ಬರಹ. ನಾನು ಕೇಳಿ ಕೇಳಿ ಸಾಕಾಗಿದೆ. ಮೇಲ್ ಹಾಕಿದರೆ ಉತ್ತರವಿಲ್ಲ. ಫೋನ್ ಮಾಡಿದರೆ ‘ಸರ್ ಮೀಟಿಂಗ್‌ನಲ್ಲಿದ್ದಾರೆ’. ಆಮೇಲೆ ‘ಬರೆದ ಹುಡುಗ ಕೆಲಸ ಸಿಕ್ಕಿ ಹೋದ, ಅವನ ಲ್ಯಾಪ್‌ಟಾಪ್‌ನಲ್ಲಿತ್ತು’ ಅಂದರು. ಮೊನ್ನೆ ಅಂತೂ ಒಂದು ಜಿಪ್ ಫೈಲ್ ಬಂತು. ತೆರೆದರೆ ಮೊದಲ ಸಾಲೇ ಆ ಹುಡುಗನ ಡಿ ಡ್ರೈವ್‌ನಲ್ಲಿ ಮಳೆಯ ಅಂಕಿಅಂಶ ಹುಡುಕುತ್ತದೆ. ಆ ಫೈಲೇ ಕಳಿಸಿಲ್ಲ! ಕೇಳಿದ್ದಕ್ಕೆ, ‘ನಿಮ್ಮ ಪ್ರಬಂಧದಲ್ಲಿ ಸರ್ ಹೆಸರನ್ನೂ ಸೇರಿಸಿ, ಆಮೇಲೆ ನೋಡೋಣ’ ಎಂಬ ಉತ್ತರ. ನನ್ನ ಕೆಲಸಕ್ಕೆ ಅವರ ಹೆಸರು ಯಾಕೆ?

ಬಚ್ಚಿಟ್ಟರೆ ತಪ್ಪು ಹಿಡಿಯುವವರು ಯಾರು? ಅಮೆರಿಕದ ಅರ್ಥಶಾಸ್ತ್ರಜ್ಞರಾದ ರೀನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ, ದೇಶದ ಸಾಲ ಮಿತಿಮೀರಿದರೆ ಆರ್ಥಿಕ ಬೆಳವಣಿಗೆ ಕುಗ್ಗುತ್ತದೆ ಎಂದು ಪ್ರಬಂಧ ಬರೆದರು. ಸರ್ಕಾರಿ ಖರ್ಚು ಕಡಿತ ಮಾಡಿ ಎನ್ನುವ ರಾಜಕಾರಣಿಗಳು ಅದನ್ನೇ ತೋರಿಸುತ್ತಿದ್ದರು. ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಕೇಳಿದಾಗ ಅವರು ತಮ್ಮ ಎಕ್ಸೆಲ್ ಹಾಳೆಯನ್ನೇ ಕೊಟ್ಟರು. ಸರಾಸರಿಯಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದು 2013ರಲ್ಲಿ ಬಯಲಾಗಿದ್ದು ಹಾಗೆ. ಅಷ್ಟು ದೊಡ್ಡವರೇ ಕೊಟ್ಟರು. ನಮ್ಮವರಿಗೇನು ಧಾಡಿ?

ಜರ್ನಲ್ (ಸಂಶೋಧನಾ ಪತ್ರಿಕೆ) ಓದಿಸಲು ಕೇಂದ್ರ ಸರ್ಕಾರ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅಷ್ಟು ಸುರಿದ ಮೇಲೂ ಪ್ರಬಂಧದ ಹಿಂದಿನ ಲೆಕ್ಕ ನೋಡಲು ಸಿಗದಿದ್ದರೆ ಹೇಗೆ? ಜನರ ತೆರಿಗೆ ದುಡ್ಡಲ್ಲಿ ಬರೆದ ಕೋಡ್ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಇವರು ದಿನಾ ಬಳಸುವ ಪೈಥಾನ್, ನಂಪೈ, ಆರ್ ಎಂಬ ತಂತ್ರಾಂಶಗಳೆಲ್ಲವೂ ಬೇರೆಯವರು ಪುಕ್ಕಟೆ ಹಂಚಿದ್ದೇ ಅಲ್ವಾ? ತಗೊಳ್ಳುವಾಗ ಇಲ್ಲದ ಸಂಕೋಚ ಕೊಡುವಾಗ ಯಾಕೆ?

ನಮ್ಮ ವಿಶ್ವವಿದ್ಯಾಲಯದ ಕಚೇರಿಯೂ ಕಮ್ಮಿಯಿಲ್ಲ. ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶದ ಲೈಸೆನ್ಸ್‌ನ ಫೈಲ್ ಹೋದ ವರ್ಷದಿಂದ ಒಂದೇ ಟೇಬಲ್ ಮೇಲೆ ಕೂತಿದೆ. ಲ್ಯಾಬಿನ ಯುಪಿಎಸ್ ಕೆಟ್ಟಿದೆ, ಕರೆಂಟ್ ಹೋದರೆ ರಾತ್ರಿಯಿಡೀ ಓಡಿದ ಲೆಕ್ಕವೆಲ್ಲ ನೀರಲ್ಲಿ ಹೋಮ. ಶಿಷ್ಯವೇತನ ತಿಂಗಳುಗಟ್ಟಲೆ ತಡ. ವಿಚಾರಿಸಿದರೆ ‘ಆಡಿಟ್ ನಡೀತಿದೆ, ನಾಳೆ ಬನ್ನಿ’. ಆ ನಾಳೆ ಬರುವುದೇ ಇಲ್ಲ.

ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ. ಕೋಡ್ ಬಚ್ಚಿಡುವವರ ಅನುದಾನ ನಿಲ್ಲಿಸಿ, ಇಲ್ಲಾಂದ್ರೆ ಕೊಡುತ್ತೇವೆ ಎಂದು ಸುಳ್ಳು ಅಚ್ಚು ಹಾಕಿಸುವುದನ್ನಾದರೂ ನಿಲ್ಲಿಸಿ. ನಮ್ಮ ಶಿಷ್ಯವೇತನವನ್ನೂ ಕೂಡಲೇ ಬಿಡುಗಡೆ ಮಾಡಿಸಿ.

– ನೊಂದ ಸಂಶೋಧನಾ ವಿದ್ಯಾರ್ಥಿ, ಧಾರವಾಡ