ಛತ್ರದ ಅಂಗಳಕ್ಕೆ ಕೈ ಹಾಕಿದ ಎಲ್ಲರಿಗೂ

ಮೊನ್ನೆ ಭಾನುವಾರ ನಮ್ಮ ಛತ್ರದ ಬಾವಿಯಿಂದ ನೀರು ಸೇದಿ ಕಾಲುವೆಗೆ ಸುರಿದೆವು. ನೀರು ಎಲ್ಲೂ ನಿಲ್ಲದೆ ಹೂವಿನ ಪಾತಿಗೆ ಹೋಗಿ ಸೇರಿತು. ಹಾಳುಬಿದ್ದ ಛತ್ರದ ಹೂದೋಟವನ್ನು ಮತ್ತೆ ಎಬ್ಬಿಸಲು ನಾವೆಲ್ಲ ಪಟ್ಟ ಎರಡು ವರ್ಷದ ಒದ್ದಾಟ ಸಾರ್ಥಕ ಅನಿಸಿತು.

ಬೆಂಗಳೂರಿನ ತೋಟದಪ್ಪನವರ ಛತ್ರದ ಹಾಗೆ ನಮ್ಮದೇನೂ ಹೆಸರಾದದ್ದಲ್ಲ. ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವವರು ರಾತ್ರಿ ತಂಗಲಿ ಅಂತ ಮುತ್ತಜ್ಜ ಕಟ್ಟಿಸಿದ ಹಂಚಿನ ಮನೆ. ಎತ್ತುಗಳಿಗೆ ಕಲ್ಲಿನ ತೊಟ್ಟಿ, ಹಿತ್ತಲಲ್ಲಿ ಹೂದೋಟ. ಬಸ್ಸು ಬಂತು, ತಂಗುವವರು ನಿಂತರು, ಅಂಗಳ, ಹೂದೋಟ ಎಲ್ಲ ಲಂಟಾನಾ ಅನ್ನುವ ಮುಳ್ಳು ಪೊದೆಯ ಪಾಲಾಯಿತು.

ಮೊದಲ ಎಡವಟ್ಟು ನನ್ನದೇ. ಬೇಗ ಆಗಲಿ ಅಂತ ಜೆಸಿಬಿ ತರಿಸಿದೆ. ಅರ್ಧ ಗಂಟೆಯಲ್ಲಿ ಮಣ್ಣಿನಡಿ ಇದ್ದ ಕಲ್ಲಿನ ಕಾಲುವೆ ಎರಡು ಕಡೆ ಒಡೆಯಿತು. "ನಿಲ್ಸೋ, ಅಲ್ಲಿ ನೀರಿನ ದಾರಿ ಐತೆ" ಅಂತ ಕೂಗಿಕೊಂಡು ಬಂದವರು ಎದುರು ಮನೆಯ ಅಜ್ಜಿ. ಹುಡುಗಿಯಾಗಿದ್ದಾಗ ಇಲ್ಲೇ ಹೂ ಬಿಡಿಸಿದವರು. ಕೋಲಿನಿಂದ ನೆಲ ಕುಟ್ಟುತ್ತಾ ಇಲ್ಲಿ ನಂದಬಟ್ಟಲು, ಅಲ್ಲಿ ಪಾರಿಜಾತ, ತೇವ ಇರುವ ಕಡೆ ಮರುಗ ಅಂತ ತೋರಿಸಿದರು. ನಮಗೆ ಸಿಕ್ಕ ನಕ್ಷೆ ಅದೊಂದೇ. ಅಜ್ಜಿ, ಮೊದಲ ನಮಸ್ಕಾರ ನಿಮಗೆ.

ಲಂಟಾನಾ ಸುಮ್ನೆ ಕಡಿದರೆ ಮತ್ತೆ ಚಿಗುರುತ್ತದೆ. ಬುಡ ಸಮೇತ ಅಗೆದು, ಬೇರು ಮೇಲಾಗಿಸಿ ಒಣಗಿಸಿದ ಹುಡುಗರೇ, ನಿಮ್ಮ ರಟ್ಟೆಗೆ ಶರಣು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮುಂಚೆ ಕೀಳಬೇಕು ಅಂತ ಮಳೆಯಲ್ಲೇ ಬಂದ ಹೆಂಗಸರಿಗೆ ಮೈಯೆಲ್ಲ ತುರಿಕೆ. ಆದರೂ ಮುಂದಿನ ವಾರ ಮತ್ತೆ ಬಂದಿರಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು!

ಗಾರೆ ಮೇಸ್ತ್ರಿಗಳ ಜೊತೆ ನಾನು ಜಗಳವನ್ನೇ ಆಡಿದ್ದೆ. ಒಡೆದ ಕಾಲುವೆಗೆ ಸಿಮೆಂಟ್ ಮೆತ್ತಿದರೆ ಎರಡು ದಿನದ ಕೆಲಸ, ಅಲ್ವಾ? ಅವರು ಒಪ್ಪಲಿಲ್ಲ. ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೀರು ಅಂತ ವಾರಗಟ್ಟಲೆ ಕಾಯಿಸಿದರು. ಕಾಲುವೆ ಈಗ ಒಂದು ಹನಿ ಸೋರುವುದಿಲ್ಲ. ಮೇಸ್ತ್ರಿಗಳೇ, ತಪ್ಪಾಯಿತು.

ಗಿಡಗಳಿಗೆ ದುಡ್ಡು ಜಾಸ್ತಿ ಹೋಗಲಿಲ್ಲ. ನಂದಬಟ್ಟಲಿನ ಕಡ್ಡಿ, ಕನಕಾಂಬರದ ಬೀಜ, ಡಬ್ಬದಲ್ಲಿ ಬೆಳೆಸಿದ ಪಾರಿಜಾತದ ಸಸಿ, ಎಲ್ಲ ನಿಮ್ಮ ಹಿತ್ತಲಿನಿಂದಲೇ ಬಂದವು. ಯಾರದು ಯಾವುದು ಅಂತ ಬರೆದಿಡಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಭಾನುವಾರ ಅಜ್ಜಿಯೂ ಬಂದಿದ್ದರು. ಒಂದು ಸುತ್ತು ಹಾಕಿ, ನಾಲ್ಕು ನಂದಬಟ್ಟಲು ಕಿತ್ತು ಸೆರಗಿಗೆ ಹಾಕಿಕೊಂಡರು. ಆಮೇಲೆ ಹೇಳಿದ್ದು ಇಷ್ಟೇ: "ಮರುಗ ಇನ್ನೂ ಎರಡು ಮೊಳ ಆ ಕಡೆ ಇತ್ತಪ್ಪಾ."

ಈ ಶನಿವಾರ ಬೆಳಿಗ್ಗೆ ಮರುಗ ಕಿತ್ತು ನೆಡುತ್ತೇವೆ. ಬಿಡುವಿದ್ದವರು ಬನ್ನಿ.