ಚಿತ್ರದಲ್ಲಿ ಗ್ಯಾಸ್ ಸಿಲಿಂಡರೂ ಇರಲಿ

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳು ಮನೆ, ಸಂಸಾರ, ದಿನನಿತ್ಯದ ಬದುಕಿನ ಚಿತ್ರಗಳನ್ನು ಓದುಗರಿಂದ ಕೇಳುತ್ತವೆ. ಅಚ್ಚಾಗುವ ಚಿತ್ರಗಳಲ್ಲಿ ಸೌದೆ ಒಲೆ ಇರುತ್ತದೆ, ಅದರ ಪಕ್ಕದಲ್ಲೇ ಇದ್ದ ಗ್ಯಾಸ್ ಸಿಲಿಂಡರ್ ಮಾಯವಾಗಿರುತ್ತದೆ. ಪ್ಲಾಸ್ಟಿಕ್ ಕೊಡ ಹಿತ್ತಲಿಗೆ ಹೋಗಿ, ಅಟ್ಟದ ಮೇಲಿದ್ದ ತಾಮ್ರದ ಹಂಡೆ ಕೆಳಗಿಳಿದಿರುತ್ತದೆ. ಮದುವೆ ಮನೆಗೆ ಉಡುವ ಸೀರೆಯುಟ್ಟ ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತಿರುತ್ತಾರೆ, ಕಲ್ಲಿನ ಸುತ್ತ ಹಿಟ್ಟಿನ ಒಂದು ಪುಡಿಯೂ ಇರುವುದಿಲ್ಲ. ಚಿತ್ರ ತೆಗೆಯುವವರಿಗೂ ಅದನ್ನು ಆರಿಸುವ ನಿಮಗೂ ನನ್ನ ಬಿನ್ನಹ ಇಷ್ಟೇ: ಚಿತ್ರಕ್ಕಾಗಿ ಮನೆಯನ್ನು ತಿದ್ದುವುದು ಬೇಡ. ಸಾಮಾನನ್ನಾಗಲಿ, ಬೆಳಕನ್ನಾಗಲಿ, ಅಡಿಬರಹವನ್ನಾಗಲಿ ತಿದ್ದುವುದು ಬೇಡ. ಮೈಬಣ್ಣವನ್ನಂತೂ ಮುಟ್ಟಲೇಬಾರದು.

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ಹಳ್ಳಿಯ ಎಷ್ಟೋ ಅಡುಗೆಮನೆಗಳಲ್ಲಿ ಎರಡೂ ಒಲೆ ಜೊತೆಗಿವೆ. ಚಹಾ, ಸಾರು ಗ್ಯಾಸಿನ ಮೇಲೆ ಕುದಿಯುತ್ತವೆ. ರೊಟ್ಟಿ, ಸ್ನಾನದ ನೀರು ಸೌದೆಗೆ ಉಳಿದಿವೆ. ಮಸಿ ಹಿಡಿದ ಗೋಡೆ, ಅದರ ಮುಂದೆ ಕೆಂಪು ಸಿಲಿಂಡರ್: ನಮ್ಮ ಕಾಲದ ಅಡುಗೆಮನೆಯ ಗುರುತೇ ಇದು. ಸಿಲಿಂಡರನ್ನು ಸರಿಸಿದ ಚಿತ್ರ ಯಾವ ಕಾಲದ್ದೂ ಅಲ್ಲ.

ಇನ್ನು ಎತ್ತರದ ವಿಷಯ. ನಮ್ಮ ದೇಶದಲ್ಲಿ ಮನೆಗೆಲಸದ ದೊಡ್ಡ ಪಾಲು ನೆಲದ ಮೇಲೆ ನಡೆಯುತ್ತದೆ. ಹೆಚ್ಚುವುದು, ಲಟ್ಟಿಸುವುದು, ಅಕ್ಕಿ ಆರಿಸುವುದು, ಮಗುವಿಗೆ ಉಣಿಸುವುದು ಎಲ್ಲ ಕೂತೇ. ಫೋಟೊ ತೆಗೆಯುವವರು ಮಾತ್ರ ನಿಂತಿರುತ್ತಾರೆ. ಈಳಿಗೆ ಮಣೆಯ ಮುಂದೆ ಕೂತವರನ್ನು ನಿಂತು ತೆಗೆದರೆ ಸಿಗುವುದು ಬೈತಲೆ, ಎರಡು ಭುಜ, ಅಷ್ಟೆ. ಎದುರಿಗೆ ನೀವೂ ಕೂತು ಕ್ಯಾಮೆರಾವನ್ನು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಹಿಡಿಯಿರಿ. ಮಡಿಸಿದ ಒಂದು ಮಂಡಿ, ಮಣೆಯನ್ನು ಒತ್ತಿ ಹಿಡಿದ ಪಾದ, ಅಲಗಿಗೆ ಎದುರಾಗಿ ತಳ್ಳುವ ಎರಡೂ ಕೈ, ಅದರ ಮೇಲೆ ನೆಟ್ಟ ಕಣ್ಣು, ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ಕಿಟಕಿ ನಿಮ್ಮ ಬೆನ್ನಿಗಿರದೆ ಪಕ್ಕಕ್ಕಿರಲಿ. ಆಗ ಅಲಗಿನ ಅಂಚಿನಲ್ಲಿ ತೆಳ್ಳಗೆ ಒಂದು ಬೆಳಕಿನ ಗೆರೆ ಮೂಡಿ, ಅದೆಷ್ಟು ಹರಿತವೆಂದು ನೋಡುವವರಿಗೆ ತಿಳಿಯುತ್ತದೆ. ‘ಮಾಡಿ ತೋರಿಸಿ’ ಎಂದು ಕೇಳದೆ, ಆ ಕೆಲಸ ನಡೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು. ಹುಸಿಯಾಗಿ ಹೆಚ್ಚುವ ಕೈ ಅಲಗಿನಿಂದ ದೂರವೇ ನಿಲ್ಲುತ್ತದೆ, ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ.

ಬೆಳಕು ಊರೂರಿಗೆ, ಮನೆಮನೆಗೆ ಬೇರೆ. ಎಲ್ಲ ಕಡೆಗೂ ಒಂದೇ ಸೂತ್ರ ನಡೆಯುವುದಿಲ್ಲ. ತೊಟ್ಟಿ ಮನೆಯಲ್ಲಿ ನಡುಮಧ್ಯಾಹ್ನ ತೊಟ್ಟಿ ಬೆಳ್ಳಗೆ ಉರಿದು ಸುತ್ತಲಿನ ಪಡಸಾಲೆ ಕಪ್ಪಾಗಿ ಮುಳುಗುತ್ತದೆ. ಬೆಳಗ್ಗೆ ಎಂಟು ಒಂಬತ್ತರ ಹೊತ್ತು, ಸಂಜೆ ನಾಲ್ಕರ ಮೇಲೆ ಅಥವಾ ಮೋಡದ ದಿನ ಹೋದರೆ ಎರಡೂ ಹದಕ್ಕೆ ಬರುತ್ತವೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳಕು ಇಳಿಯುವುದು ಮೇಲಿನ ಬೆಳಕಿಂಡಿಯಿಂದ. ಆ ಕೋಲು ಬೆಳಕಿನ ನಟ್ಟನಡುವೆ ಕೂತವರ ಕಣ್ಣು ನೆರಳಿನ ಗುಂಡಿಯಾಗುತ್ತವೆ. ಅವರು ಅಂಚಿನಲ್ಲಿರುವ ಗಳಿಗೆಗೆ ಕಾದು, ಬೆಳಕು ಬಿದ್ದ ಕೆನ್ನೆಗೆ ಕ್ಯಾಮೆರಾದ ಬೆಳಕಿನ ಅಳತೆ ಕೂರಿಸಿ. ಕಚ್ಛ್‌ನ ದುಂಡು ಮಣ್ಣಿನ ಮನೆ ಭೂಂಗಾದಲ್ಲಿ ಗೋಡೆಯ ಮಣ್ಣಿನ ಕಸೂತಿಗೆ ಕನ್ನಡಿ ಚೂರು ಕೂರಿಸಿರುತ್ತಾರೆ. ಫ್ಲಾಶ್ ಹೊಡೆದರೆ ಗೋಡೆ ತುಂಬ ಬಿಳಿ ಚುಕ್ಕೆ. ಅಸ್ಸಾಮಿನ ಮಿಸಿಂಗ್ ಜನರ ಚಾಂಗ್ ಘರ್ ಕಂಬಗಳ ಮೇಲೆ ನಿಂತ ಮನೆ. ಅದರ ಬಿದಿರ ನೆಲದ ಸಂದಿಗಳಿಂದಲೂ ಬೆಳಕು ನುಸುಳುತ್ತದೆ. ಅದನ್ನು ಫ್ಲಾಶಿನಿಂದ ಅಳಿಸಿದರೆ ಆ ಮನೆ ಯಾವ ಊರಿನದೂ ಆಗಬಹುದು.

ಫ್ಲಾಶ್ ಬೇಡ ಎನ್ನುವುದಕ್ಕೆ ಲೆಕ್ಕವೂ ಇದೆ. ಅದರ ಬೆಳಕು ಮೂರಡಿ ದೂರದ ಮುಖಕ್ಕೆ ಎಷ್ಟು ಬೀಳುತ್ತದೋ, ಆರಡಿ ದೂರದ ಗೋಡೆಗೆ ಅದರ ಕಾಲುಭಾಗ ಮಾತ್ರ. ಮುಖ ಬಿಳುಚಿ, ಮನೆ ಕತ್ತಲಲ್ಲಿ ಹೋಗುತ್ತದೆ. ಒಲೆಯ ಹೊಗೆ ಇದ್ದರಂತೂ ಅದೇ ಮೊದಲು ಹೊಳೆದು ಬಿಳಿ ಪರದೆಯಾಗುತ್ತದೆ. ಕಿಟಕಿಯಿರುವ ಅಡುಗೆಮನೆಯಲ್ಲಿ ಹಗಲು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ (ಲೆನ್ಸಿನ ಕಿಂಡಿಯ ಅಳತೆ) 2.8, ಶಟರ್ (ಬೆಳಕು ಒಳಬಿಡುವ ಹೊತ್ತು) 1/125 ಸೆಕೆಂಡ್‌ನಿಂದ ಆರಂಭಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ರೊಟ್ಟಿ ತಟ್ಟುವ ಬೆರಳು ಸ್ಪಷ್ಟ ಬೇಕೆಂದರೆ 1/250 ಬೇಕು. 1/60ರಲ್ಲಿ ಮುಖ ನಿಂತು ಕೈ ಕದಡುತ್ತದೆ, ಎಷ್ಟೋ ಸಲ ಅದೇ ಚೆನ್ನ. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಬೆಸೆದು ಒಂದು ಮಾಡುವುದರಿಂದ ಆಡುವ ಕೈಗೆ ಎರಡೆರಡು ನೆರಳು ಬರುತ್ತದೆ. ಅದನ್ನು ಆಫ್ ಮಾಡಿ.

ನಗರದ ಫ್ಲ್ಯಾಟ್‌ಗಳಲ್ಲಿ ತೊಂದರೆ ಬೇರೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250ರಲ್ಲಿ ತೆಗೆದರೆ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ಬೀಳುವುದು ಇದರಿಂದಲೇ. 1/50 ಅಥವಾ 1/100 ಇಟ್ಟರೆ ಪಟ್ಟಿ ಹೋಗುತ್ತದೆ. ಕಿಟಕಿಯ ನೀಲಿ, ಬಲ್ಬಿನ ಹಳದಿ, ಟ್ಯೂಬಿನ ಹಸಿರು ಒಂದೇ ಮುಖದ ಮೇಲೆ ಬಿದ್ದರೆ ಬಣ್ಣ ಸರಿದೂಗಿಸುವ ಯಾವ ವೈಟ್ ಬ್ಯಾಲೆನ್ಸೂ ಸರಿಪಡಿಸಲಾರದು. ಅಲ್ಲಿ ಮನೆಯವರು ಆ ಹೊತ್ತಿನಲ್ಲಿ ಯಾವ ದೀಪ ಹಚ್ಚುತ್ತಾರೆ ಎಂದು ಕೇಳಿ, ಅದೊಂದನ್ನೇ ಉಳಿಸಿಕೊಳ್ಳಿ.

ಮೈಬಣ್ಣದ ಬಗ್ಗೆ ಒತ್ತಿ ಹೇಳಬೇಕು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಸರಾಸರಿ ಬೂದು ಎಂದೇ ಎಣಿಸುತ್ತದೆ. ಸುಣ್ಣದ ಗೋಡೆಯ ಮುಂದೆ ಕೂತ ಕಪ್ಪು ಮೈಬಣ್ಣದವರ ಮುಖ ಅದರಿಂದ ಮಸಿಯಾಗುತ್ತದೆ. ಒಂದು ಸ್ಟಾಪ್ ಹೆಚ್ಚಿಸಿ, ಅಂದರೆ ಬೆಳಕನ್ನು ಎರಡರಷ್ಟು ಮಾಡಿ. ಮಸಿ ಗೋಡೆಯ ಮುಂದೆ ಅದೇ ಮುಖ ಬಿಳುಚಿಹೋಗುತ್ತದೆ. ಒಂದು ಸ್ಟಾಪ್ ಇಳಿಸಿ. ಮೊಬೈಲಿನ ಬ್ಯೂಟಿ ಮೋಡ್ ಬೇಡವೇ ಬೇಡ. ಅದು ಸುಕ್ಕು ಅಳಿಸುತ್ತದೆ, ಬಿಸಿಲಿಗೆ ಬೆಂದ ಚರ್ಮವನ್ನು ಬೆಳ್ಳಗಾಗಿಸುತ್ತದೆ, ಒಲೆಯ ಮುಂದಿನ ಬೆವರನ್ನು ಒರೆಸಿಬಿಡುತ್ತದೆ.

ಚಿಕ್ಕ ಕೋಣೆಯಲ್ಲಿ ಅಗಲ ಲೆನ್ಸಿನ ಆಸೆ ಸಹಜ. ಆದರೆ ಮೊಬೈಲಿನ 0.5 ಎಂಬ ಅತಿ ಅಗಲದ ಲೆನ್ಸಿನಲ್ಲಿ ಅಂಚಿಗೆ ಕೂತವರ ತಲೆ ಎಳೆದು ಉದ್ದವಾಗುತ್ತದೆ. ಹತ್ತಡಿ ದೂರದಿಂದ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 35 ಎಂಎಂ ಲೆನ್ಸ್ ಸುಮಾರು ಹತ್ತಡಿ ಅಗಲವನ್ನು ಹಿಡಿಯುತ್ತದೆ, ಮೊಬೈಲಿನ ಮುಖ್ಯ ಲೆನ್ಸ್ ಇನ್ನೂ ಹೆಚ್ಚು. ಮೂಲೆಗೆ ಬೆನ್ನು ಕೊಟ್ಟು ಕೂತರೆ ಸಾಮಾನ್ಯ ಕೋಣೆಗೆ ಇಷ್ಟು ಸಾಕು.

ಅನುಮತಿಯನ್ನು ಮನೆ ಯಜಮಾನರಿಂದ ಮಾತ್ರ ಕೇಳಿದರೆ ಸಾಲದು, ಚಿತ್ರದಲ್ಲಿ ಇರುವವರನ್ನೇ ಕೇಳಬೇಕು. ತೆಗೆದ ಮೇಲೆ ಪರದೆಯಲ್ಲಿ ತೋರಿಸಿ, ಪತ್ರಿಕೆಗೆ ಕಳಿಸಲೇ ಎಂದು ಮತ್ತೊಮ್ಮೆ ಕೇಳಬೇಕು. ಅಡುಗೆಮನೆ, ದೇವರ ಕೋಣೆಯೊಳಗೆ ಕರೆದ ಮೇಲೆ ಹೋಗಿ. ಸ್ನಾನ ಮಾಡುತ್ತಿರುವ ಮಕ್ಕಳ ಚಿತ್ರ ಎಷ್ಟೇ ಮುದ್ದಾಗಿದ್ದರೂ ಅದು ಆ ಮನೆಯ ಆಲ್ಬಮ್ಮಿಗೆ ಮಾತ್ರ. ಗೋಡೆಗೆ ಸಿಕ್ಕಿಸಿದ ರೇಷನ್ ಕಾರ್ಡ್, ಆಧಾರ್ ಪ್ರತಿ, ಬಾಗಿಲ ಪಕ್ಕ ಬರೆದಿಟ್ಟ ಫೋನ್ ನಂಬರು, ಮಾತ್ರೆ ಚೀಟಿ ಓದುವಂತಿದ್ದರೆ ಅವನ್ನು ತೆಗೆಸುವ ಬದಲು ನೀವೇ ಎರಡಡಿ ಪಕ್ಕಕ್ಕೆ ಸರಿಯಿರಿ.

ಈಗ ಅಡಿಬರಹ. ‘ಹಳ್ಳಿಯ ಅಡುಗೆಮನೆಯಲ್ಲಿ ಮಹಿಳೆ’ ಎಂಬ ಅಡಿಬರಹ ಏನನ್ನೂ ಹೇಳುವುದಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತ ಭಾರತದ ಜನರ ಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಅಲ್ಲಿ ಬಹುತೇಕರಿಗೆ ಜಾತಿ, ಬುಡಕಟ್ಟಿನ ಹೆಸರಿದೆ, ಅವರದೇ ಹೆಸರಿಲ್ಲ. ನಾವೂ ಅದನ್ನೇ ಮಾಡಬಾರದು. ಒಪ್ಪಿದವರ ಹೆಸರು, ಊರು, ತಾಲ್ಲೂಕು, ತಾರೀಖು, ಹೊತ್ತು ಬರೆಯಿರಿ. ಕೈಯಲ್ಲಿರುವ ವಸ್ತುವಿಗೆ ಆ ಮನೆಯವರು ಹೇಳುವ ಹೆಸರನ್ನೇ ಬರೆಯಿರಿ. ಈಳಿಗೆ ಮಣೆಯನ್ನೇ ನೋಡಿ: ಮಲೆನಾಡಿನ ಕೆಲವೆಡೆ ಅದು ಮೆಟ್ಟುಗತ್ತಿ, ಕೊಂಕಣಿಯಲ್ಲಿ ಆದೊಳಿ, ಮರಾಠಿಯಲ್ಲಿ ವಿಳೀ, ತೆಲುಗಿನಲ್ಲಿ ಕತ್ತಿಪೀಟ, ತಮಿಳಿನಲ್ಲಿ ಅರಿವಾಳ್ಮಣೈ, ಬಂಗಾಳಿಯಲ್ಲಿ ಬೊಟಿ. 2011ರ ಜನಗಣತಿ 1,369 ತಾಯ್ನುಡಿಗಳನ್ನು ಪಟ್ಟಿ ಮಾಡಿದ ದೇಶದಲ್ಲಿ ಎಲ್ಲಕ್ಕೂ ‘ಚಾಕು’ ಎಂದು ಬರೆಯುವುದು ಎಂಥ ನಷ್ಟ!

ಕಳಿಸುವ ಹಂತದಲ್ಲೂ ಚಿತ್ರ ಕೆಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಉದ್ದದ ಬದಿಗೆ ಸುಮಾರು 1,600 ಪಿಕ್ಸೆಲ್ ಉಳಿಯುತ್ತದೆ, ತೆಗೆದ ದಿನದ ಮಾಹಿತಿಯೂ ಕಳಚಿಹೋಗುತ್ತದೆ. 15 ಸೆಂಟಿಮೀಟರ್ ಅಗಲಕ್ಕೆ ಅಚ್ಚಾಗಲು ಇಂಚಿಗೆ 200ರಂತೆ ಸುಮಾರು 1,200 ಪಿಕ್ಸೆಲ್ ಬೇಕು. ನಿಮ್ಮ ಪುಟವಿನ್ಯಾಸಕರು ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು 800, ಮುಖ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲವೇ ತಲುಪುತ್ತದೆ. ಆಗ ಮನೆ ಎಲ್ಲಿದೆ ಎಂಬ ಜಿಪಿಎಸ್ ಗುರುತೂ ಜೊತೆಗೇ ಹೋಗುತ್ತದೆ. ತೆಗೆಯುವ ಮುಂಚೆಯೇ ಲೊಕೇಶನ್ ಆಫ್ ಮಾಡಿರಬೇಕು.

ಜನಸಾಮಾನ್ಯರ ದಿನನಿತ್ಯವನ್ನೇ ಚಿತ್ರಿಸಿ 1977ರಲ್ಲಿ ಪದ್ಮಶ್ರೀ ಪಡೆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ಮೈಸೂರಿನವರು. ಅವರ ನಾಡಿನ ಪತ್ರಿಕೆಯಿಂದ ಇಷ್ಟನ್ನು ಕೇಳುವ ಸಲುಗೆ ಓದುಗರಿಗಿದೆ. ಮುಂದಿನ ಆಹ್ವಾನದಲ್ಲಿ ಹೆಸರು, ಊರು, ತಾರೀಖು, ವಸ್ತುವಿನ ಸ್ಥಳೀಯ ಹೆಸರು, ಒಪ್ಪಿಗೆ ಈ ಐದನ್ನೂ ಕಡ್ಡಾಯ ಮಾಡಿ. ಇವು ಇಲ್ಲದ ಚಿತ್ರವನ್ನು, ಎಷ್ಟೇ ಚೆಂದವಿರಲಿ, ವಿವರ ಬರುವವರೆಗೆ ತಡೆಹಿಡಿಯಿರಿ. ಅಚ್ಚಾದ ಚಿತ್ರದ 4×6 ಇಂಚಿನ ಒಂದು ಪ್ರತಿ ಆ ಮನೆಗೆ ತಲುಪಿಸುವ ಹೊಣೆಯನ್ನು ತೆಗೆದವರಿಗೇ ವಹಿಸಿ, ಆ ಷರತ್ತನ್ನೂ ಆಹ್ವಾನದಲ್ಲೇ ಅಚ್ಚು ಹಾಕಿ.

ಇಂತಿ,
ನಿಮ್ಮ ಓದುಗ, ಒಬ್ಬ ಛಾಯಾಗ್ರಾಹಕ