ಗುಂಡಿ ತುಂಬಿದ ಮೇಲೆ ಯಾರಿಗೆ ಫೋನ್ ಮಾಡೋದು ಸಾರ್? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕರಿಗೆ ನಮಸ್ಕಾರ.

ರಸ್ತೆ, ಮೊಬೈಲ್ ಟವರ್, ಅಡಿಕೆ ಎಲೆಚುಕ್ಕಿ, ಕಾಡಾನೆ, ಬಗರ್‌ಹುಕುಂ, ಇವುಗಳ ಅರ್ಜಿ ನಿಮ್ಮ ಟೇಬಲ್ ಮೇಲೆ ರಾಶಿ ಬಿದ್ದಿರುತ್ತೆ ಅಂತ ಗೊತ್ತು, ಅದರ ಮೇಲೆ ನಂದೊಂದು. ವಿಷಯ ಸ್ವಲ್ಪ ಮುಜುಗರದ್ದು, ಊಟದ ಹೊತ್ತಲ್ಲಿ ಓದ್ಬೇಡಿ. ಲೆಟ್ರಿನ್ ಗುಂಡಿ ಮತ್ತೆ ಸೆಪ್ಟಿಕ್ ಟ್ಯಾಂಕ್ ಬಗ್ಗೆ ಬರೀತಿದೀನಿ. ಕಟ್ಟಿದ್ದೆಲ್ಲ ಆಯ್ತು, ಈಗ ಅವು ತುಂಬ್ತಿದಾವೆ.

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ್ ಶುರುವಾದಾಗ ಮನೆಗೆ 12,000 ರೂಪಾಯಿ ಅಂತ ಬಂತು, ಕಟ್ಟಿದ ಮೇಲೆ ಫೋಟೋ ತೆಗೆದು ಜಿಯೋಟ್ಯಾಗ್ ಮಾಡಿ ಅಪ್‌ಲೋಡ್ ಮಾಡಿದ್ರು, 2018ರ ಹೊತ್ತಿಗೆ ಕರ್ನಾಟಕದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆನೂ ಆಯ್ತು, ನಮ್ಮ ಪಂಚಾಯ್ತಿ ಗೋಡೆ ಮೇಲೆ ಆ ಬರಹ ಇನ್ನೂ ಇದೆ. ನಾನು ಅದನ್ನ ಆಡ್ಕೊಳೋನಲ್ಲ. ಮಳೆಗಾಲದ ಕತ್ತಲಲ್ಲಿ ಒಂದು ಕೈಲಿ ಛತ್ರಿ ಒಂದು ಕೈಲಿ ಟಾರ್ಚ್ ಹಿಡ್ಕೊಂಡು, ಉಂಬಳ ಕಚ್ಚಿಸ್ಕೊಂಡು ಹಾಡ್ಯಕ್ಕೆ ಹೋಗ್ತಿದ್ದ ನಮ್ಮ ಮಲೆನಾಡಿನ ಹೆಂಗಸ್ರಿಗೆ ಅದೆಷ್ಟು ದೊಡ್ಡ ವಿಷಯ ಅಂತ ಊರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆದ್ರೆ ಆವತ್ತು ತೋಡಿದ ಗುಂಡಿಗಳಿಗೆ ಈಗ ಹೆಚ್ಚುಕಮ್ಮಿ ಹತ್ತು ವರ್ಷ ಸಾರ್. ಫೋಟೋದಲ್ಲಿ ಕಾಣೋದು ಬಾಗಿಲು ಮತ್ತೆ ಗೋಡೆ, ಗುಂಡಿ ಎಷ್ಟು ತುಂಬಿದೆ ಅಂತ ಯಾವ ಆ್ಯಪ್‌ನಲ್ಲೂ ಕಾಣಲ್ಲ.

ಸರ್ಕಾರದ ನಕ್ಷೆ ತಪ್ಪಿರಲಿಲ್ಲ, ಅದನ್ನೂ ಹೇಳ್ಬೇಕು. ಜೋಡಿ ಗುಂಡಿ ಮಾಡಿ ಅಂದಿದ್ರು. ಎರಡು ಚಿಕ್ಕ ಗುಂಡಿ, ಮಧ್ಯೆ ಒಂದು ಚೇಂಬರ್, ಒಂದು ಹೊತ್ತಿಗೆ ಒಂದೇ ಗುಂಡಿಗೆ ಬಿಡೋದು, ಐದಾರು ವರ್ಷಕ್ಕೆ ಅದು ತುಂಬಿದ್ರೆ ಚೇಂಬರ್ ತೆಗೆದು ಇನ್ನೊಂದಕ್ಕೆ ತಿರುಗಿಸೋದು, ತುಂಬಿದ್ದನ್ನ ಎರಡು ವರ್ಷ ಮುಟ್ಟದೆ ಬಿಟ್ರೆ ವಾಸನೆ ಇಲ್ಲದ ಗೊಬ್ಬರ ಆಗುತ್ತೆ, ತೆಗೆದು ತೋಟಕ್ಕೆ ಹಾಕ್ಬಹುದು, ಯಾವ ಲಾರಿನೂ ಬೇಡ ಯಾರನ್ನೂ ಕಾಯೋದು ಬೇಡ. ಕಾಗದದ ಮೇಲೆ ಇಷ್ಟು ಚೆನ್ನಾಗಿದ್ದಿದ್ದು ನೆಲಕ್ಕಿಳಿಯೋ ಹೊತ್ತಿಗೆ ಏನಾಯ್ತು ಅಂದ್ರೆ, 12,000ದಲ್ಲಿ ಎರಡು ಗುಂಡಿ ಎಲ್ಲಿ ಸಾಕಾಗುತ್ತೆ ಅಂತ ಒಂದೇ ಮಾಡಿದ್ರು, ಎರಡು ಮಾಡಿದ ಕಡೆ ಚೇಂಬರ್ ಇಲ್ಲದೆ ಎರಡಕ್ಕೂ ಒಟ್ಟಿಗೆ ಪೈಪ್ ಕೊಟ್ರು, ಈಗ ಎರಡೂ ಒಟ್ಟಿಗೆ ತುಂಬಿವೆ. ಇನ್ನು ಕೆಲವು ಕಡೆ ಆಳ ಇದ್ದಷ್ಟು ಒಳ್ಳೇದು ಅಂತ ಸಿಮೆಂಟ್ ರಿಂಗ್ ಮೇಲೆ ರಿಂಗ್ ಇಳಿಸ್ಕೊಂಡು ಹೋಗಿ ಸೀದಾ ನೆಲದೊಳಗಿನ ಜಲಕ್ಕೇ ಮುಟ್ಟಿಸಿದಾರೆ. ಮೇಸ್ತ್ರಿಗೂ ಯಾರೂ ಹೇಳ್ಕೊಟ್ಟಿಲ್ಲ, ಮನೆಯವರಿಗೂ ಹೇಳಿಲ್ಲ.

2020ರಲ್ಲಿ ಸ್ವಚ್ಛ ಭಾರತ್‌ನ ಎರಡನೇ ಹಂತ ಬಂತು. ಒಂದೇ ಗುಂಡಿ ಇರೋರಿಗೆ ಇನ್ನೊಂದು ಮಾಡ್ಸಿ, ಟ್ಯಾಂಕ್ ಇರೋರದ್ದು ಮಷೀನಲ್ಲಿ ಖಾಲಿ ಮಾಡ್ಸಿ, ತೆಗೆದಿದ್ದನ್ನ ಶುದ್ಧ ಮಾಡ್ಸಿ ಅಂತ ಅದರಲ್ಲೇ ಬರೆದಿದೆ. ನಮ್ಮೂರಿಗೆ ಎರಡನೇ ಹಂತ ಅಂತ ಬಂದಿದ್ದು ಕಸದ ಗಾಡಿ ಮಾತ್ರ. ಗಾಡಿ ಚೆನ್ನಾಗೇ ನಡೀತಿದೆ, ಸಂಘದ ಹೆಣ್ಮಕ್ಕಳು ಓಡಿಸ್ತಾರೆ, ಅದರ ಬಗ್ಗೆ ದೂರಿಲ್ಲ. ಗುಂಡಿ ವಿಷಯ ಪಂಚಾಯ್ತಿಲಿ ಕೇಳಿದ್ರೆ "ಅದು ನಿಮ್ಮ ಮನೆ ಒಳಗಿಂದಲ್ವಾ" ಅಂತಾರೆ.

ನಮ್ಮ ಮನೆ ಒಳಗಿಂದೇ, ಒಪ್ಪಿದೆ. ಆದ್ರೆ ಒಳಗೇ ಇರಲ್ವಲ್ಲ ಮಾರಾಯ್ರೆ ಅದು.

ನೀವೂ ಇಲ್ಲಿಯವರೇ, ಪುನರ್ವಸು ಪುಷ್ಯ ಮಳೆ ಹಿಡ್ಕೊಂಡ್ರೆ ಏನಾಗುತ್ತೆ ಅಂತ ಗೊತ್ತಿದೆ. ಜಲ ಎದ್ದು ಬಾವಿ ನೀರು ಕೈಗೆ ಸಿಗೋ ಹಾಗೆ ಮೇಲೆ ಬರುತ್ತೆ, ದರೆ ಬುಡದಲ್ಲೆಲ್ಲ ನೀರು ಜಿನುಗುತ್ತೆ, ಹಂಗಿರೋವಾಗ ಇಂಗುಗುಂಡಿಲಿ ನೀರು ಎಲ್ಲಿ ಇಂಗ್ಬೇಕು? ಕಮೋಡಿಗೆ ಒಂದು ಬಕೆಟ್ ಹೊಯ್ದ್ರೆ ಮುಕ್ಕಾಲು ವಾಪಸ್ ಬರುತ್ತೆ. ನಮ್ಮ ಕಡೆ ಮನೆ ಇರೋದು ಗುಡ್ಡೆ ಮಗ್ಗುಲಲ್ಲಿ, ಲೆಟ್ರಿನ್ ಮನೆ ಹಿಂದೆ, ಬಾವಿ ಕೆಳಗೆ ತೋಟದ ತಲೆಯಲ್ಲಿ, ಅಂದ್ರೆ ಬಹಳಷ್ಟು ಮನೇಲಿ ಗುಂಡಿ ಮೇಲೆ, ಬಾವಿ ಕೆಳಗೆ. ಸೆಪ್ಟಿಕ್ ಟ್ಯಾಂಕಿಗೆ ಅಂತ ಇರೋ ಐಎಸ್ 2470 ಅನ್ನೋ ನಿಯಮದಲ್ಲಿ ಇಂಗುಗುಂಡಿ ಕುಡಿಯೋ ನೀರಿನ ಬಾವಿಯಿಂದ 18 ಮೀಟರ್ ದೂರ ಇರ್ಬೇಕು ಅಂತಿದೆ. ಹತ್ತು ಸೆಂಟ್ಸ್ ಸೈಟಲ್ಲಿ ಮನೆ ಕಟ್ಕೊಂಡೋರು 18 ಮೀಟರ್ ಎಲ್ಲಿಂದ ತರ್ಬೇಕು, ಅಳೆದ್ರೆ ಪಕ್ಕದವರ ಅಂಗಳಕ್ಕೆ ಹೋಗುತ್ತೆ. ಅದರ ಮೇಲೆ ಈಗ 'ಮನೆ ಮನೆಗೆ ಗಂಗೆ' ಯೋಜನೆ ನಲ್ಲಿ ಬಂದಿದೆ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ, ಖುಷಿ ವಿಷಯನೇ, ಬಂದ ನೀರು ಬಚ್ಚಲಿಂದ ಲೆಟ್ರಿನ್ನಿಂದ ಹೊರಗೆ ಹೋಗ್ಲೇಬೇಕಲ್ಲ, ಆ ಲೆಕ್ಕ ಯಾರು ಮಾಡಿದ್ರು?

ಟ್ಯಾಂಕ್ ಇದ್ದೋರ ಪಾಡೂ ಬೇರೆ ಏನಿಲ್ಲ. ಸೆಪ್ಟಿಕ್ ಟ್ಯಾಂಕ್ ಅಂದ್ರೆ ಎಲ್ಲಾನೂ ತಿಂದು ಮುಗಿಸೋ ಯಂತ್ರ ಅಂತ ಜನ ತಿಳ್ಕೊಂಡಿದಾರೆ. ಅದರಲ್ಲಿ ಭಾರದ್ದು ಕೆಳಗೆ ಕೆಸರಾಗಿ ಕೂರುತ್ತೆ, ಹಗುರದ್ದು ಮೇಲೆ ಕೆನೆ ತರ ಕಟ್ಟುತ್ತೆ, ಮಧ್ಯದ ನೀರು ಮಾತ್ರ ಹೊರಗೆ ಇಂಗುಗುಂಡಿಗೆ ಹೋಗ್ಬೇಕು, ಆ ನೀರಲ್ಲೂ ರೋಗದ ಕ್ರಿಮಿ ತುಂಬಿರುತ್ತೆ, ಬಾಕಿ ಕೆಲಸ ಮಣ್ಣಿಂದು. ಕೆಸರು ವರ್ಷಾ ವರ್ಷಾ ಏರ್ತಾ ಬಂದ್ರೆ ನೀರಿಗೆ ಜಾಗ ಕಮ್ಮಿ ಆಗಿ ಕೆಸರೇ ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದೆಲ್ಲ ಮುಚ್ಚಿಬಿಡುತ್ತೆ. ಆಮೇಲೆ ಟ್ಯಾಂಕ್ ಎಷ್ಟು ಸಲ ಖಾಲಿ ಮಾಡ್ಸಿದ್ರೂ ಸುಖ ಇಲ್ಲ, ಇಂಗುಗುಂಡಿನೇ ಹೊಸದು ತೋಡ್ಬೇಕು. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡ್ಸಿ ಅನ್ನೋದು. ನಮ್ಮಲ್ಲಿ ಹದಿನೈದು ವರ್ಷ ಆದ್ರೂ ಮುಚ್ಚಳ ತೆಗೆಯದೇ ಇರೋರು "ನಮ್ದು ಇನ್ನೂ ತುಂಬೇ ಇಲ್ಲ" ಅಂತ ಹೆಮ್ಮೆ ಪಡ್ತಾರೆ. ಅದು ತುಂಬದೇ ಇರೋದಲ್ಲ, ಸೋರಿ ಎಲ್ಲಿಗೋ ಹೋಗ್ತಿರೋದು. ಎಷ್ಟೋ ಟ್ಯಾಂಕಿಗೆ ಇಂಗುಗುಂಡಿನೇ ಇಲ್ಲ, ಹೊರಗಿನ ಪೈಪ್ ಸೀದಾ ತೋಟದ ಬಸಿಗಾಲುವೆಗೆ.

ರಿಪೇರಿ ಅಂತೂ ಕೇಳಲೇಬೇಡಿ. ಟ್ಯಾಂಕ್ ಒಳಗೆ ಬರೋ ಪೈಪಿಗೂ ಹೊರಗೆ ಹೋಗೋ ಪೈಪಿಗೂ T ಆಕಾರದ ಒಂದೊಂದು ತುಂಡು, ಅಂದ್ರೆ ಟಿ, ಇರ್ಬೇಕು, ಮೇಲಿನ ಕೆನೆ ಹೊರಗೆ ಹೋಗದೇ ಇರೋಕೆ, ಆ ಟಿ ಮುರಿದಿದ್ರೆ ಒಂದು ಸಣ್ಣ ಪಿವಿಸಿ ತುಂಡಲ್ಲಿ ಸರಿ ಹೋಗುತ್ತೆ. ಕೋಲಿಗೆ ಬಿಳಿ ಬಟ್ಟೆ ಸುತ್ತಿ ಇಳಿಸಿ ನೋಡಿದ್ರೆ ಕೆಸರು ಎಷ್ಟಿದೆ ಅಂತ ಗೊತ್ತಾಗುತ್ತೆ, ಮೂರರಲ್ಲಿ ಒಂದು ಭಾಗ ಆಗಿದ್ರೆ ಖಾಲಿ ಮಾಡ್ಸೋ ಹೊತ್ತು ಬಂತು ಅಂತ. ಇಷ್ಟು ಹೇಳ್ಕೊಡೋ ಒಬ್ಬ ಪ್ಲಂಬರ್ ಹೋಬಳಿಗೊಬ್ಬ ಇಲ್ಲ. ಅದಕ್ಕೆ ಜನ ಆಸಿಡ್ ಸುರೀತಾರೆ, ಫಿನಾಯಿಲ್ ಬಾಟ್ಲಿಗಟ್ಲೆ ಹೊಯ್ತಾರೆ, ಒಳಗೆ ಕೆಲಸ ಮಾಡೋ ಬ್ಯಾಕ್ಟೀರಿಯಾನ ಕೊಂದು, ಆಮೇಲೆ ಅಂಗಡೀಲಿ ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ಪುಡಿ ತಂದು ಹಾಕ್ತಾರೆ. ಟ್ಯಾಂಕ್ ಮೇಲೆ ಟೈಲ್ಸ್ ಹಾಕಿ ಪೋರ್ಟಿಕೋ ಮಾಡಿ ಕಾರು ನಿಲ್ಸೋರೂ ಇದಾರೆ, ಅಲ್ಲಿ ಮುಚ್ಚಳ ಎಲ್ಲಿದೆ ಅಂತ ಕಟ್ಟಿದ ಮೇಸ್ತ್ರಿ ಬಂದ್ರೂ ಸಿಗಲ್ಲ. ಇದಕ್ಕೆ ನಿಮ್ಮನ್ನ ಬೈದು ಪ್ರಯೋಜನ ಇಲ್ಲ, ಜನರದ್ದೇ ತಪ್ಪು.

ಆದ್ರೆ ಜನ ಬುದ್ಧಿ ಕಲ್ತು ಖಾಲಿ ಮಾಡ್ಸೋಣ ಅಂತ ಹೊರಟ್ರೆ? ಕೆಸರು ಎಳೆಯೋ ಸಕ್ಕಿಂಗ್ ಗಾಡಿ ಪೇಟೆಯಿಂದ ಬರ್ಬೇಕು. ಖಾಸಗಿಯವರು ಹೇಳಿದ್ದೇ ರೇಟು, ದೂರ ಹೆಚ್ಚಾದಷ್ಟು ಏರುತ್ತೆ. ನಮ್ಮ ಮನೆಗಳ ದಾರಿ ನೋಡಿದೀರಲ್ಲ, ಜೀಪ್ ಹತ್ತೋದೇ ಕಷ್ಟ, ದೊಡ್ಡ ಟ್ಯಾಂಕರ್ ಮೇನ್ ರೋಡಲ್ಲೇ ನಿಂತ್ರೆ ಪೈಪ್ ಮನೆ ತನಕ ಮುಟ್ಟಲ್ಲ. ಮುಟ್ಟಿದ್ರೂ ತಳದ ಗಟ್ಟಿ ಕೆಸರು ಎಳೆಯಲ್ಲ, ನೀರು ಎಳ್ಕೊಂಡು ದುಡ್ಡು ಇಸ್ಕೊಂಡು ಹೋಗ್ತಾರೆ. ಹೋಗಿ ಎಲ್ಲಿ ಸುರೀತಾರೆ? ಕತ್ತಲಾದ ಮೇಲೆ ಯಾವುದೋ ಸೇತುವೆ ಪಕ್ಕದಲ್ಲಿ, ಕಾಡಿನ ರಸ್ತೆ ಬದೀಲಿ. ಅವರನ್ನ ಹಿಡಿದು ಹೊಡೆಯೋಕೆ ಹೊರಟ ಹುಡುಗ್ರನ್ನ ನಾನೇ ತಡೆದಿದೀನಿ, ಯಾಕಂದ್ರೆ ಸುರಿಯೋಕೆ ಸರಿಯಾದ ಜಾಗ ಅಂತ ಒಂದನ್ನ ನಾವು ಅವರಿಗೆ ತೋರ್ಸೇ ಇಲ್ವಲ್ಲ. ಆ ಹಳ್ಳದ ನೀರೇ ಕೆಳಗಿನೋರು ಕುಡಿಯೋದು.

ಗಾಡಿ ಸಿಗದೇ ಇದ್ದಾಗ ಏನಾಗುತ್ತೆ ಅಂತ ಬರೆಯೋಕೆ ಕೈ ಬರ್ತಿಲ್ಲ, ಬರೀಲೇಬೇಕು. ಬಡವನೊಬ್ಬನಿಗೆ ಒಂದು ಕ್ವಾರ್ಟರ್ ಕುಡಿಸಿ, ರಾತ್ರಿ ಹೊತ್ತು ಬಕೆಟ್ ಕೊಟ್ಟು ಇಳಿಸೋದು ಇನ್ನೂ ನಿಂತಿಲ್ಲ ಸಾರ್. ದೇವರಾಜ ಅರಸು ಕಾಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರೋ ಪದ್ಧತಿ ನಿಷೇಧಿಸಿದ ರಾಜ್ಯ ಇದು, ಅದರ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಮನುಷ್ಯನನ್ನ ಟ್ಯಾಂಕಿಗೆ ಇಳಿಸಿದ್ರೆ ಮೊದಲ ಸಲಕ್ಕೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ, ಇಳಿಸಿದ ಮನೆ ಯಜಮಾನನೂ ಅದರಲ್ಲಿ ಬರ್ತಾನೆ. ಸತ್ರೆ 30 ಲಕ್ಷ ಪರಿಹಾರ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಲ್ಲಿ ಹೇಳಿದೆ. ಒಳಗಿರೋ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಇಳಿದವನು ಬೀಳ್ತಾನೆ, ಎತ್ತೋಕೆ ಇಳಿದವನೂ ಬೀಳ್ತಾನೆ. ನಮ್ಮೂರಲ್ಲಿ ಇನ್ನೂ ಹಂಗಾಗಿಲ್ಲ ಅಷ್ಟೇ. ಆದ ಮೇಲೆ ನೀವು ಬಂದು ಸಾಂತ್ವನ ಹೇಳಿ ಚೆಕ್ ಕೊಡೋದು ಬೇಡ ಅಂತ ಈಗ್ಲೇ ಬರೀತಿದೀನಿ.

ಈಗ ನನ್ನ ಬೇಡಿಕೆ. ಕರೆದಾಗ ಬರೋ ಗಾಡಿ ನಮಗೆ ಬೇಡ, ಸರದಿ ಮೇಲೆ ಬರೋ ಗಾಡಿ ಬೇಕು. ಇದು ಬಹಳ ಮುಖ್ಯ, ಸ್ವಲ್ಪ ತಾಳ್ಮೆಯಿಂದ ಓದಿ. ಜನ ಫೋನ್ ಮಾಡೋದು ಜುಲೈನಲ್ಲಿ, ಉಕ್ಕಿದ ಮೇಲೆ. ಜುಲೈನಲ್ಲಿ ಖಾಲಿ ಮಾಡ್ಸೋದು ದಂಡ, ಇವತ್ತು ಎಳೆದ್ರೆ ಸುತ್ತಲಿನ ಜಲ ನುಗ್ಗಿ ನಾಳೆ ಮತ್ತೆ ತುಂಬುತ್ತೆ, ಈಗ ಎಲ್ಲರೂ ತಂದು ಹೂಳ್ತಿರೋ ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್ ಆದ್ರೆ ಖಾಲಿ ಆಗ್ತಿದ್ದ ಹಾಗೆ ನೆಲದಿಂದ ತೇಲಿ ಎದ್ದು ಪೈಪ್ ಎಲ್ಲ ಕಿತ್ಕೊಂಡುಬಿಡುತ್ತೆ. ಖಾಲಿ ಮಾಡ್ಸೋ ಕಾಲ ಜನವರಿಯಿಂದ ಏಪ್ರಿಲ್, ಅಡಿಕೆ ಕೊಯ್ಲು ಮುಗಿದು ದಾರಿ ಒಣಗಿರೋವಾಗ. ಆಗ ಯಾರಿಗೂ ಗುಂಡಿ ನೆನಪಿರಲ್ಲ. ಅದಕ್ಕೇ ಪಂಚಾಯ್ತಿನೇ ಪಟ್ಟಿ ಮಾಡಿ ಈ ವರ್ಷ ಈ ಮಜರೆ, ಮುಂದಿನ ವರ್ಷ ಆ ಮಜರೆ ಅಂತ ಸರದಿ ಹಾಕ್ಬೇಕು.

ಇದು ನನ್ನ ತಲೆಯಿಂದ ಬಂದಿದ್ದಲ್ಲ. ಮಹಾರಾಷ್ಟ್ರದಲ್ಲಿ ಕೃಷ್ಣಾ ನದಿ ದಡದ ವಾಯಿ ಅನ್ನೋ ಊರು, ನಾಸಿಕ್ ಹತ್ರದ ಸಿನ್ನರ್, ಎರಡರಲ್ಲೂ ಮೂರು ವರ್ಷಕ್ಕೊಮ್ಮೆ ಪ್ರತಿ ಮನೆ ಟ್ಯಾಂಕ್ ಸರದಿ ಮೇಲೆ ಖಾಲಿ ಮಾಡೋ ಪದ್ಧತಿ ತಂದ್ರು, ದುಡ್ಡನ್ನ ತೆರಿಗೆ ಜೊತೆಗೇ ಸ್ವಲ್ಪ ಸ್ವಲ್ಪ ಇಸ್ಕೊಳ್ತಾರೆ, ಒಂದೇ ಸಲ ಯಾರ ಜೇಬಿಗೂ ಭಾರ ಬೀಳಲ್ಲ. ಅವು ಪಟ್ಟಣಗಳು, ಮನೆ ಒತ್ತೊತ್ತಾಗಿವೆ, ನಮ್ಮಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಒಂದು ಗುಡ್ಡೆ ಇರುತ್ತೆ, ಹಾಗಾಗಿ ಖರ್ಚು ಜಾಸ್ತಿನೇ ಆಗುತ್ತೆ. ಆದ್ರೂ ನಾಲ್ಕೈದು ಪಂಚಾಯ್ತಿ ಸೇರಿ ಟ್ರ್ಯಾಕ್ಟರಿಗೆ ಹೂಡೋ ಸಣ್ಣ ಸಕ್ಕಿಂಗ್ ಟ್ಯಾಂಕ್ ಒಂದು ತಗೊಂಡ್ರೆ ಸಾಕು, ನಮ್ಮ ದಾರಿಗೆ ಟ್ರ್ಯಾಕ್ಟರೇ ಸರಿ. ತೆಗೆದಿದ್ದನ್ನ ಹಾಕೋಕೆ ಜಾಗ ಬೇಕು. ದೇವನಹಳ್ಳಿಲಿ 2015ರಲ್ಲೇ ಮಲದ ಕೆಸರು ಶುದ್ಧ ಮಾಡೋ ಘಟಕ ಶುರುವಾಗಿದೆ, ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ, ಕೆಸರನ್ನ ಒಣಗಿಸಿ ಗೊಬ್ಬರ ಮಾಡ್ತಾರೆ. ನಮಗೆ ಅಷ್ಟೂ ಬೇಕಿಲ್ಲ, ನಮ್ಮ ತಾಲೂಕು ಪೇಟೇಲಿ ಒಂದು ಮಾಡಿ ಸುತ್ತಲ ಹಳ್ಳೀದನ್ನ ಅಲ್ಲಿಗೇ ತರೋ ಹಾಗೆ ಮಾಡಿದ್ರೆ ಆಯ್ತು. ಒಂದೇ ಒಂದು ಎಚ್ಚರಿಕೆ, ಜಾಗ ಅಂದ ತಕ್ಷಣ ದಲಿತರ ಕೇರಿ ಪಕ್ಕದ ಗೋಮಾಳ ತೋರ್ಸಬೇಡಿ, ಕಸದ ಘಟಕಕ್ಕೆ ಆಗಿದ್ದು ಸಾಕು.

ದುಡ್ಡೆಲ್ಲಿ ಅಂತ ಕೇಳ್ತೀರಿ. ಎರಡನೇ ಹಂತದ ಸ್ವಚ್ಛ ಭಾರತ್‌ನಲ್ಲಿ ಮಲದ ಕೆಸರು ನಿರ್ವಹಣೆಗೇ ತಲೆಗೆ 230 ರೂಪಾಯಿ ತನಕ ಕೊಡೋಕೆ ಅವಕಾಶ ಇಟ್ಟಿದ್ರು. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ನೂರಕ್ಕೆ 60 ಭಾಗ ನೀರು ನೈರ್ಮಲ್ಯಕ್ಕೇ ಮೀಸಲು ಅಂತ ಪಂಚಾಯ್ತಿಗಳಿಗೆ ಬಂದಿತ್ತು. ನಿಮ್ಮ ಶಾಸಕರ ನಿಧಿ ವರ್ಷಕ್ಕೆ ಎರಡು ಕೋಟಿ, ಅದರಲ್ಲಿ ಒಂದು ಸಮುದಾಯ ಭವನ ಕಮ್ಮಿ ಆದ್ರೆ ಯಾರೂ ಅಳಲ್ಲ. ಮನೆಯವರೂ ಕೊಡ್ತಾರೆ, ಪುಕ್ಕಟೆ ಬೇಕು ಅಂತ ಯಾರೂ ಕೇಳ್ತಿಲ್ಲ, ಕೂಲಿ ಮಾಡೋರಿಗೆ ಮಾತ್ರ ಬಿಡಿ.

ಹೊಸ ಲೆಟ್ರಿನ್‌ಗೆ ಫಲಾನುಭವಿ ಹುಡುಕೋದು ಸ್ವಲ್ಪ ನಿಲ್ಸಿ, ಒಂದೇ ಗುಂಡಿ ಇರೋರಿಗೆ ಎರಡನೇದು ಮಾಡ್ಕೊಳೋಕೆ ದುಡ್ಡು ಕೊಡ್ಸಿ, ಪ್ರತಿ ಪಂಚಾಯ್ತೀಲಿ ಇಬ್ಬರು ಮೇಸ್ತ್ರಿಗಳಿಗೆ ಚೇಂಬರ್, ಟಿ ಪೈಪ್, ಇಂಗುಗುಂಡಿ ರಿಪೇರಿ ಕಲಿಸಿ ಅವರ ನಂಬರ್ ಪಂಚಾಯ್ತಿ ಬೋರ್ಡ್ ಮೇಲೆ ಬರೆಸಿ. ಜೋಡಿ ಗುಂಡಿ ಆಗದ ತಗ್ಗು ಜಾಗಕ್ಕೆ ಏನು ಮಾಡ್ಬೇಕು ಅಂತ ಇಂಜಿನಿಯರ್ ಒಬ್ಬರನ್ನ ಮಳೆಗಾಲದಲ್ಲೇ ಕಳ್ಸಿ, ಬೇಸಿಗೇಲಿ ಬಂದು ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ.

ತಾಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸೋ ಕೆಡಿಪಿ ಮೀಟಿಂಗ್‌ಗೆ ನೀವೇ ಅಧ್ಯಕ್ಷರು. ಮುಂದಿನ ಮೀಟಿಂಗಲ್ಲಿ ತಾಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರನ್ನ ಮೂರೇ ಪ್ರಶ್ನೆ ಕೇಳಿ: ತಾಲೂಕಲ್ಲಿ ಒಂದೇ ಗುಂಡಿ ಇರೋ ಮನೆ ಎಷ್ಟು, ಸಕ್ಕಿಂಗ್ ಗಾಡಿ ಎಷ್ಟಿದಾವೆ, ಅವು ಎಳೆದಿದ್ದನ್ನ ಎಲ್ಲಿ ಸುರೀತಿದಾವೆ. ಉತ್ತರ ಏನು ಬಂದ್ರೂ ಅದನ್ನ ನಡಾವಳೀಲಿ ಬರೆಸಿ, ಒಂದು ಕಾಪಿ ನಮ್ಮ ಪಂಚಾಯ್ತಿಗೆ ಕಳ್ಸಿ, ಗ್ರಾಮಸಭೇಲಿ ನಾವೇ ಓದ್ತೀವಿ. ಈ ಸಲದ ಕೊಯ್ಲು ಮುಗಿಯೋದರೊಳಗೆ ಆದ್ರೆ ಜನವರಿಗೆ ಮೊದಲ ಮಜರೆಯ ಸರದಿ ಶುರು ಮಾಡ್ಬಹುದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ